ವಿದ್ಯಾಲಯದ ಛಾವಣಿ ಮತ್ತು ಪರಿಸರದ ಹೊರೆ

ಏಪ್ರಿಲ್ ಕಾಲಿಟ್ಟಿತೆಂದರೆ ಯಾದಗಿರಿ, ಶಹಾಪುರ, ಸುರಪುರಗಳಲ್ಲಿ ಬಿಸಿಲು 40 ಡಿಗ್ರಿಯನ್ನು ದಾಟುತ್ತದೆ. ಮಧ್ಯಾಹ್ನದ ಹೊತ್ತಿಗೆ ಕಾಲೇಜಿನ ಕಾಂಕ್ರೀಟು ಛಾವಣಿ ಕಾದ ಹೆಂಚಿನಂತಾಗಿ, ಫ್ಯಾನುಗಳು ಬಿಸಿಗಾಳಿಯನ್ನೇ ವಿದ್ಯಾರ್ಥಿಗಳ ತಲೆಯ ಮೇಲೆ ಸುರಿಯುತ್ತವೆ. ಇದೇ ಬಿಸಿಲಿನಲ್ಲಿ ನಮ್ಮ ಹಿರಿಯರ ಮಣ್ಣಿನ ಮಾಳಿಗೆಯ ಮನೆಗಳು ತಂಪಾಗಿರುತ್ತಿದ್ದವು. ಆದುದರಿಂದ ವಿದ್ಯಾಸಂಸ್ಥೆಯೊಂದು ಪ್ರಕೃತಿಯ ಮೇಲೆ ಹೊರಿಸುವ ಭಾರದ ವಿಚಾರವನ್ನು ಛಾವಣಿಯಿಂದಲೇ ಆರಂಭಿಸುವುದು ಉಚಿತ. ವರ್ಷಕ್ಕೊಮ್ಮೆ ಬಿಳಿ ಸುಣ್ಣ ಬಳಿದರೂ ಒಳಗಿನ ಕಾವು ತಗ್ಗುತ್ತದೆ. ಇದಕ್ಕೆ ಯಾವ ತಜ್ಞರೂ ಬೇಕಿಲ್ಲ.

ಶಹಾಪುರದ ಬಳಿಯ ಭೀಮರಾಯನಗುಡಿಯಲ್ಲಿ ರಾಯಚೂರು ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯದ ಕೃಷಿ ಮಹಾವಿದ್ಯಾಲಯವಿದೆ. ಸುತ್ತಲೂ ಕೃಷ್ಣಾ ಮೇಲ್ದಂಡೆ ಯೋಜನೆಯ ಅಚ್ಚುಕಟ್ಟು ಪ್ರದೇಶ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಈ ಸೀಮೆಯಲ್ಲಿ ಭತ್ತ ಹಬ್ಬಿತು; ನೀರು ಮಿತಿಮೀರಿ ನಿಂತಲ್ಲಿ ಎರೆಭೂಮಿ ಜವುಳಾಗಿ ಉಪ್ಪು ಮೇಲೆದ್ದಿತು. ಕಾಲುವೆಯ ಕೊನೆಯ ರೈತ ನೀರಿಗಾಗಿ ಕಾಯುತ್ತಿರುವಾಗ ಮೇಲಿನವನ ಹೊಲ ನೀರಿನಿಂದಲೇ ಕೆಡುವ ವಿಪರ್ಯಾಸವಿದು. ಇಂತಹ ನೆಲದಲ್ಲಿ ನಿಂತ ಯಾವುದೇ ವಿದ್ಯಾಲಯಕ್ಕೆ ನೀರಿನ ಲೆಕ್ಕವೇ ಮೊದಲ ಪಾಠವಾಗಬೇಕು.

ಲೆಕ್ಕ ಕಠಿಣವೇನೂ ಅಲ್ಲ. ಸಾವಿರ ಚದರ ಮೀಟರ್ ಛಾವಣಿಯ ಮೇಲೆ ವರ್ಷಕ್ಕೆ 600 ಮಿ.ಮೀ. ಮಳೆ ಬಿದ್ದು, ಐದರಲ್ಲಿ ನಾಲ್ಕು ಪಾಲು ಕೈಗೆ ಸಿಕ್ಕರೂ 4.8 ಲಕ್ಷ ಲೀಟರ್ ನೀರಾಯಿತು. ಅದನ್ನು ಚರಂಡಿಗೆ ಬಿಟ್ಟು ಬೇಸಿಗೆಯಲ್ಲಿ ಟ್ಯಾಂಕರಿಗೆ ಹಣ ತೆರುವುದು ಎಂತಹ ಜಾಣತನ? ಇನ್ನೊಂದು ಮಾತು. ನಮ್ಮ ಜಿಲ್ಲೆಯ ಅನೇಕ ಕಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಇರುವುದರಿಂದ ಶಾಲೆ, ವಸತಿನಿಲಯಗಳಿಗೆ ಆರ್.ಒ. ಯಂತ್ರಗಳು ಬಂದಿವೆ. ಅವು ಒಂದು ಲೀಟರ್ ಶುದ್ಧ ನೀರು ಕೊಡುವಷ್ಟರಲ್ಲಿ ಸಾಮಾನ್ಯವಾಗಿ ಎರಡು ಲೀಟರಿಗೂ ಮಿಕ್ಕಿ ಹೊರಚೆಲ್ಲುತ್ತವೆ. ಈ ನೀರನ್ನು ಶೌಚಾಲಯಕ್ಕೆ, ನೆಲ ತೊಳೆಯಲು ಬಳಸಬಹುದು. ಗಿಡಗಳಿಗೆ ದಿನವೂ ಹಾಕಿದರೆ ಮಾತ್ರ ಅದೇ ಉಪ್ಪಿನ ಕಾಟ.

ವಿದ್ಯುತ್ತಿನ ವಿಷಯಕ್ಕೆ ಬರೋಣ. ನೆರೆಯ ರಾಯಚೂರು ಜಿಲ್ಲೆಯ ಶಕ್ತಿನಗರದಲ್ಲಿ ಕಲ್ಲಿದ್ದಲು ಉರಿಸಿ ವಿದ್ಯುತ್ ತಯಾರಿಸುತ್ತಾರೆ. ನಮ್ಮ ಫ್ಯಾನು ತಿರುಗುವಾಗ ಹೊಗೆ ಅಲ್ಲಿ ಏಳುತ್ತದೆ, ನಮಗೆ ಕಾಣುವುದಿಲ್ಲ, ಅಷ್ಟೆ. 75 ವಾಟಿನ ಹಳೆಯ ಫ್ಯಾನು ದಿನಕ್ಕೆ ಎಂಟು ಗಂಟೆಯಂತೆ 200 ದಿನ ತಿರುಗಿದರೆ 120 ಯೂನಿಟ್ ಬೇಕು. 30 ವಾಟಿನ ಹೊಸ ಬಗೆಯದಕ್ಕೆ 48 ಸಾಕು. ನೂರು ಫ್ಯಾನುಗಳಿದ್ದಲ್ಲಿ ವರ್ಷಕ್ಕೆ 7,200 ಯೂನಿಟ್ ಉಳಿತಾಯ, ಅಂದರೆ ಸುಮಾರು 5 ಟನ್ ಇಂಗಾಲದ ಡೈ ಆಕ್ಸೈಡ್ ಕಡಿಮೆ. ಸೌರಫಲಕಗಳನ್ನು ಕೂರಿಸುವುದು ಇದಾದ ಮೇಲಿನ ಮಾತು. ಸೋರುವ ಗಡಿಗೆಗೆ ಎಷ್ಟು ನೀರು ತುಂಬಿದರೇನು?

ಜಗದ್ಗುರು ಫ್ರಾನ್ಸಿಸ್‌ರವರು 2015ರಲ್ಲಿ ಹೊರಡಿಸಿದ ‘ಲೌದಾತೊ ಸಿ’ ವಿಶ್ವಪರಿಪತ್ರವನ್ನು ನಮ್ಮಲ್ಲಿ ಹಲವರು ಗೌರವದಿಂದ ಕಪಾಟಿನಲ್ಲಿಟ್ಟಿದ್ದೇವೆ. ಪ್ಲಾಸ್ಟಿಕ್, ಕಾಗದಗಳ ಬಳಕೆಯನ್ನು ತಗ್ಗಿಸುವುದು, ಕಸವನ್ನು ಬೇರ್ಪಡಿಸುವುದು, ತಿನ್ನುವಷ್ಟನ್ನೇ ಬೇಯಿಸುವುದು, ಬೇಡದ ದೀಪಗಳನ್ನು ಆರಿಸುವುದು ಮುಂತಾದ ತೀರಾ ಮನೆವಾರ್ತೆಯ ವಿಷಯಗಳೂ ಅದರಲ್ಲಿವೆ. ಅದಕ್ಕೂ ಮೊದಲೇ, 2008ರಲ್ಲಿ, ವ್ಯಾಟಿಕನ್ನಿನ ಆರನೆಯ ಪೌಲರ ಸಭಾಂಗಣದ ಛಾವಣಿಯ ಮೇಲೆ ಎರಡು ಸಾವಿರಕ್ಕೂ ಹೆಚ್ಚು ಸೌರಫಲಕಗಳನ್ನು ಅಳವಡಿಸಲಾಯಿತು. ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯವು ಬಳಸಿದ ಕಾಗದದಿಂದಲೇ ಮತ್ತೆ ಕಾಗದ ಮಾಡುವ ಘಟಕವನ್ನು ನಡೆಸಿಕೊಂಡು ಬಂದಿದೆ.

ಅಷ್ಟು ದೊಡ್ಡ ಘಟಕ ನಮ್ಮ ಊರುಗಳ ಕಾಲೇಜುಗಳಿಗೆ ಎಟುಕದಿರಬಹುದು. ವಸತಿನಿಲಯದ ಅಡುಗೆಮನೆಯಂತೂ ಎಟುಕುತ್ತದೆ. ತಟ್ಟೆಯಲ್ಲಿ ಉಳಿಯುವ ಅನ್ನ, ರೊಟ್ಟಿಗಳನ್ನು ಒಂದು ವಾರ ತೂಗಿ ನೋಡಿದರೆ ಮರುವಾರ ಎಷ್ಟು ಬೇಯಿಸಬೇಕೆಂಬುದು ತಿಳಿಯುತ್ತದೆ. ತರಕಾರಿ ಸಿಪ್ಪೆ ಗೊಬ್ಬರದ ಗುಂಡಿಗೆ; ಮಕ್ಕಳು ಹೆಚ್ಚಿರುವ ಕಡೆ ಗೋಬರ್ ಗ್ಯಾಸ್ ಸ್ಥಾವರಕ್ಕೆ.

ಪಾಲಕರ ಸಭೆಯಲ್ಲಿ ನಾವು ಫೀಸು, ಫಲಿತಾಂಶಗಳನ್ನು ಕೇಳುತ್ತೇವೆ. ಕಳೆದ ತಿಂಗಳ ವಿದ್ಯುತ್ ಬಿಲ್ಲೆಷ್ಟು, ಟ್ಯಾಂಕರ್ ಎಷ್ಟು ಬಾರಿ ಬಂದಿತು ಎಂದು ಕೇಳಿದವರನ್ನು ನಾನಂತೂ ಕಂಡಿಲ್ಲ, ನಾನೂ ಕೇಳಿದವನಲ್ಲ. ಮಳೆನೀರಿನ ಕೊಳವೆ ಹಾಕಿಸಿದ ಕಡೆಯಲ್ಲೂ ಮೇ ತಿಂಗಳ ರಜೆಯಲ್ಲಿ ಛಾವಣಿ ಗುಡಿಸಿ, ಶೋಧಕದ ಜಲ್ಲಿ ತೊಳೆಯುವ ಹೊಣೆ ಯಾರದೆಂದು ಗೊತ್ತುಮಾಡದಿದ್ದರೆ, ಜೂನ್ ತಿಂಗಳ ಮೊದಲ ಮಳೆ ಬೇವಿನ ಎಲೆಗಳ ಸಮೇತ ಕೊಳವೆಯ ಬಾಯಲ್ಲೇ ಕಟ್ಟಿಕೊಳ್ಳುತ್ತದೆ.