ಬ್ಲೂ ಹೋಲ್ ಬಹಾಮಾಸ್‌ನಲ್ಲಿ, ಬಾವಲಿ ಮಾತ್ರ ನಮ್ಮ ಜಿಲ್ಲೆಯಲ್ಲಿ

ಹೋದ ಎಪಿಸೋಡ್ ಆದಮೇಲೆ ಮೂಡಲಗಿಯಿಂದ ಒಬ್ಬರು ವಾಯ್ಸ್ ನೋಟ್ ಕಳಿಸಿದ್ರು: ‘ಬ್ಲೂ ಹೋಲ್ ರೀಲ್ಸ್ ನೋಡಿದೆ, ನಮ್ಮ ಕಡೆ ಅಂಥವು ಯಾಕಿಲ್ಲ?’ ನಾನು ಬಿ.ಕಾಂ. ಓದಿದವನು, ಕಲ್ಲಿನ ಲೆಕ್ಕ ನನಗೂ ಹೊಸದು. ಹುಡುಕಿ ಓದಿದ್ದನ್ನ ಹೇಳ್ತೀನಿ.

ಸುಣ್ಣದಕಲ್ಲಿನ ಮೇಲೆ ಲಿಂಬೆರಸ ಹಿಂಡಿದ್ರೆ ನೊರೆ ಬರುತ್ತೆ. ಮಳೆನೀರೂ ಗಾಳಿ, ಮಣ್ಣಿನ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು ಸ್ವಲ್ಪ ಆಮ್ಲ ಆಗುತ್ತೆ. ಸಾವಿರಾರು ವರ್ಷ ಬಿರುಕಿಗೆ ಇಳಿದು, ಕಲ್ಲು ಕರಗಿಸಿ ಗುಹೆ ಮಾಡುತ್ತೆ. ಬಹಾಮಾಸ್ ದ್ವೀಪಗಳು ಸುಣ್ಣದಕಲ್ಲಿನವು. ಹಿಮಯುಗದಲ್ಲಿ ಸಮುದ್ರ ಸುಮಾರು 120 ಮೀಟರ್ ಕೆಳಗಿದ್ದಾಗ ಅಲ್ಲಿ ಗುಹೆಗಳಾದವು, ಚಾವಣಿ ಕುಸಿಯಿತು. ಆಮೇಲೆ ಸಮುದ್ರ ಏರಿ ಒಳಗೆ ನೀರು ತುಂಬಿತು. ಅದೇ ಬ್ಲೂ ಹೋಲ್. ಅಲ್ಲಿನ ಡೀನ್ಸ್ ಬ್ಲೂ ಹೋಲ್ 202 ಮೀಟರ್ ಆಳ. ಗೋಕಾಕ ಫಾಲ್ಸ್ 52 ಮೀಟರ್. ಅಂದ್ರೆ ಒಂದರ ಮೇಲೊಂದು ಹತ್ತಿರಹತ್ತಿರ ನಾಲ್ಕು ಫಾಲ್ಸ್!

ನಮ್ಮ ಘಟಪ್ರಭಾ ಧುಮುಕೋದು ಮರಳುಗಲ್ಲಿನ ಮೇಲಿಂದ. ಅದು ಹಾಗೆ ಕರಗಲ್ಲ, ಒಡೆದು ಬೀಳುತ್ತೆ. ಯಾದವಾಡದ ಕಡೆ ಸುಣ್ಣದಕಲ್ಲು ಇದೆ, ಅದಕ್ಕೇ ಅಲ್ಲಿ ಸಿಮೆಂಟ್ ಫ್ಯಾಕ್ಟರಿ. ಆದ್ರೆ ಸಮುದ್ರ ಎಲ್ಲಿದೆ?

ಗುಹೆಯ ಜೀವಿಗಳ ವಿಷಯಕ್ಕೆ ಬಂದ್ರೆ ಮಾತ್ರ ನಾವು ಬಡವರಲ್ಲ. ಬಹಾಮಾಸ್‌ನ ನೀರುಗುಹೆಯಲ್ಲಿ 1979ರಲ್ಲಿ ರೆಮಿಪೀಡ್ ಅನ್ನೋ ಕಣ್ಣಿಲ್ಲದ ಜೀವಿ ಸಿಕ್ಕಿತು. ನಮ್ಮದೇ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನಲ್ಲಿ, ತಳೇವಾಡಿ ಹತ್ತಿರದ ಬಾರಾಪೇಡೆ ಗುಹೆಯಲ್ಲಿ, 1912ರಲ್ಲೇ ಒಂದು ದೊಡ್ಡ ಕಿವಿಯ ಬಾವಲಿ ಸಿಕ್ಕಿತ್ತು. ಮರುವರ್ಷ ಅದಕ್ಕೆ ರಾಟನ್ ಅನ್ನೋ ಅರಣ್ಯಾಧಿಕಾರಿಯ ಹೆಸರಿಟ್ಟರು. ಹೆಚ್ಚುಕಡಿಮೆ 90 ವರ್ಷ ಇಡೀ ಜಗತ್ತಿನಲ್ಲಿ ಅದರ ಗೊತ್ತಿದ್ದ ಮನೆ ಇದೊಂದೇ. ಆಮೇಲೆ ಕಾಂಬೋಡಿಯಾ, ಮೇಘಾಲಯದಲ್ಲೂ ಕಂಡಿತು.

ನನಗೂ ಮೈಕ್ ಹಿಡ್ಕೊಂಡು ಹೋಗಿ ಅವುಗಳ ಸದ್ದು ರೆಕಾರ್ಡ್ ಮಾಡೋ ಆಸೆ ಇತ್ತು. ಬಿಟ್ಟೆ. ಯಾಕಂದ್ರೆ ಎಷ್ಟೋ ಜಾತಿಯ ಬಾವಲಿಗಳು ವರ್ಷಕ್ಕೆ ಹಾಕೋದು ಒಂದೇ ಮರಿ. ನಮ್ಮ ಕಾಮರ್ಸ್ ಭಾಷೆಯಲ್ಲಿ, ಜಮೆ ಬಹಳ ನಿಧಾನ. ಟಾರ್ಚು, ಹೊಗೆ, ಗದ್ದಲಕ್ಕೆ ಹೆದರಿ ಗುಂಪು ಗುಹೆ ಬಿಟ್ಟರೆ ಖಾತೆ ಒಂದೇ ದಿನದಲ್ಲಿ ಖಾಲಿ. ಆ ಜಾಗ ಭೀಮಗಡ ವನ್ಯಜೀವಿಧಾಮದ ಕಾಡು, ಅನುಮತಿ ಇಲ್ಲದೆ ಹೋಗೋ ಹಾಗೂ ಇಲ್ಲ.

ಗೋಕಾಕ, ಹುಕ್ಕೇರಿ ಕಡೆ ನಿಮ್ಮೂರ ಹಳೇ ಗುಡಿಯಲ್ಲಿ, ಪಾಳುಮನೆಯಲ್ಲಿ ಬಾವಲಿ ಇದ್ರೆ ಹೊಗೆ ಹಾಕಬೇಡ್ರಿ. ಹೊಲದ ಹುಳ ತಿನ್ನೋ ಸಣ್ಣ ಬಾವಲಿಗಳು ಅವೇ. ಮುಂದಿನ ವಾರ ಸಿಗೋಣ.