ಕಾರಣ ಕಾಣದ ಜ್ವರ ಮತ್ತು ಮಗುವಿನ ಮೂತ್ರಪಿಂಡ

ಮೂತ್ರಪಿಂಡಗಳು ಎರಡು. ಒಂದೊಂದರಿಂದಲೂ ಒಂದು ಮೂತ್ರನಾಳ ಇಳಿದು ಮೂತ್ರಕೋಶ ಸೇರುತ್ತದೆ. ಮೂತ್ರದ ಸೋಂಕು ಕೋಶದಲ್ಲೇ ನಿಂತರೆ ಉರಿಮೂತ್ರ, ಮತ್ತೆ ಮತ್ತೆ ಹೋಗಬೇಕೆನಿಸುವ ಕಾಟ. ಮೇಲೇರಿ ಮೂತ್ರಪಿಂಡಕ್ಕೆ ತಗಲಿದರೆ ಚಳಿಜ್ವರ, ವಾಂತಿ, ಬೆನ್ನುನೋವು. ಹತ್ತರಲ್ಲಿ ಎಂಟು ಸಲ ಕಾರಣ ನಮ್ಮದೇ ಕರುಳಿನಲ್ಲಿ ವಾಸಿಸುವ ಇ. ಕೋಲೈ ಬ್ಯಾಕ್ಟೀರಿಯಾ.

ತೊಂದರೆಯೆಂದರೆ ಈ ಲಕ್ಷಣಗಳೆಲ್ಲ ಮಾತು ಬಂದವರವು. ಎಂಟು ತಿಂಗಳ ಕೂಸು ಬೆನ್ನು ಮುಟ್ಟಿ ತೋರಿಸುವುದಿಲ್ಲ. ಮೈ ಸುಡುತ್ತದೆ, ಆದರೆ ನೆಗಡಿಯಿಲ್ಲ, ಕೆಮ್ಮಿಲ್ಲ. ಹಾಲು ಬೇಡವೆನ್ನುತ್ತದೆ, ಕುಡಿದದ್ದನ್ನು ಕಕ್ಕುತ್ತದೆ, ರಚ್ಚೆ ಹಿಡಿಯುತ್ತದೆ. ಹಸುಗೂಸಿನಲ್ಲಿ ಜ್ವರವೂ ಇಲ್ಲದೆ ಕಾಮಾಲೆ ಮಾತ್ರ ಇಳಿಯದೆ ಉಳಿಯಬಹುದು. ಅಜ್ಜಿ "ಹಲ್ಲು ಬರ್ತಿದೆ, ಅದಕ್ಕೇ" ಅಂತಾರೆ. ಪಕ್ಕದ ಮನೆಯವರು "ಉಷ್ಣ ಆಗಿದೆ, ಬಾರ್ಲಿ ನೀರು ಕೊಡಿ" ಅಂತಾರೆ. ಹಲ್ಲು ಬರುವಾಗ ಮೈ ತುಸು ಬೆಚ್ಚಗಾದೀತು, 102 ಡಿಗ್ರಿ ಫ್ಯಾರನ್‌ಹೀಟ್ ಏರುವುದಿಲ್ಲ. ಬಾರ್ಲಿ ನೀರಿನಿಂದ ಕೇಡೇನಿಲ್ಲ. ಮೂತ್ರಪಿಂಡದೊಳಗಿನ ಬ್ಯಾಕ್ಟೀರಿಯಾಕ್ಕೂ ಅದರಿಂದ ಕೇಡಿಲ್ಲ, ಅದೇ ತಕರಾರು. ಕಾರಣ ಕಾಣದ ಜ್ವರವೆಂದು ಬರುವ ನೂರು ಎಳೆಮಕ್ಕಳಲ್ಲಿ ಸುಮಾರು 5ರಿಂದ 7 ಮಕ್ಕಳಿಗೆ ಇರುವುದು ಮೂತ್ರದ ಸೋಂಕು.

ಸೋಂಕು ಮೇಲೇರುವುದಾದರೂ ಹೇಗೆ? ಇಡೀ ಕಥೆಯಲ್ಲಿ ನನಗೆ ಬಹಳ ಇಷ್ಟದ ಭಾಗ ಇದು. ಮೂತ್ರನಾಳ ಕೋಶದ ಗೋಡೆಯನ್ನು ನೇರವಾಗಿ ತೂರಿ ಒಳಬರುವುದಿಲ್ಲ. ಗೋಡೆಯೊಳಗೇ ಓರೆಯಾಗಿ ಸ್ವಲ್ಪ ದೂರ ಸಾಗಿ ಬಾಯಿ ತೆರೆಯುತ್ತದೆ. ಕೋಶ ತುಂಬಿದಾಗ, ಹಿಂಡಿಕೊಂಡಾಗ, ಆ ಒತ್ತಡವೇ ಓರೆ ದಾರಿಯನ್ನು ಅದುಮುತ್ತದೆ, ತೋಟದ ಪೈಪನ್ನು ಕಾಲಲ್ಲಿ ಮೆಟ್ಟಿದ ಹಾಗೆ. ಕೆಲವು ಮಕ್ಕಳಲ್ಲಿ ಈ ದಾರಿ ಹುಟ್ಟಿನಿಂದಲೇ ಗಿಡ್ಡ. ಅದುಮಿದರೂ ಮುಚ್ಚುವುದಿಲ್ಲ, ಮೂತ್ರ ಹಿಮ್ಮುಖ ಹರಿಯುತ್ತದೆ. ಇದಕ್ಕೆ ರಿಫ್ಲಕ್ಸ್ ಎನ್ನುತ್ತಾರೆ. ಜ್ವರದೊಂದಿಗೆ ಮೂತ್ರದ ಸೋಂಕಾದ ಮಕ್ಕಳಲ್ಲಿ ಹತ್ತಿರಹತ್ತಿರ ಮೂವರಲ್ಲಿ ಒಬ್ಬರಿಗೆ ಇದು ಇರುತ್ತದೆ. ಮಗು ಬೆಳೆದಂತೆ ದಾರಿಯೂ ಉದ್ದವಾಗಿ, ಹಗುರ ರಿಫ್ಲಕ್ಸ್ ಹೆಚ್ಚಾಗಿ ತಾನೇ ವಾಸಿಯಾಗುತ್ತದೆ.

ಇನ್ನೊಂದು ಸೊಗಸು ಮೇಲಿದೆ. ಮೂತ್ರಪಿಂಡದೊಳಗೆ ಮೂತ್ರ ಜಿನುಗುವ ಮೊನೆಗಳಲ್ಲಿ ನಡುವಿನವು ಉಬ್ಬಿವೆ, ಅವುಗಳ ರಂಧ್ರ ಒತ್ತಡಕ್ಕೆ ಮುಚ್ಚಿಕೊಳ್ಳುತ್ತದೆ. ಮೇಲ್ತುದಿ, ಕೆಳತುದಿಗಳಲ್ಲಿ ಮೊನೆಗಳು ಒಂದಕ್ಕೊಂದು ಬೆಸೆದು ಚಪ್ಪಟೆಯಾಗಿವೆ. ರಂಧ್ರ ತೆರೆದೇ ಇರುತ್ತದೆ. ಸೋಂಕಿನ ಗಾಯದ ಕಲೆಗಳು ಬಹುಪಾಲು ಈ ಎರಡು ತುದಿಗಳಲ್ಲೇ ಕಾಣುವುದೇಕೆ ಎಂಬುದಕ್ಕೆ 1970ರ ದಶಕದಲ್ಲಿ ರಾನ್ಸ್ಲಿ ಮತ್ತು ರಿಸ್ಡನ್ ಎಂಬ ಇಂಗ್ಲೆಂಡಿನ ವೈದ್ಯರು ಹಂದಿಗಳ ಮೂತ್ರಪಿಂಡ ನೋಡಿ ಹೇಳಿದ ಉತ್ತರ ಇದು.

ಪತ್ತೆಗೆ ಮೂತ್ರ ಬೇಕು, ಕೆಟ್ಟಿರದ ಮೂತ್ರ ಬೇಕು. ಅಂಟಿಸುವ ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದರೆ ಚರ್ಮದ ಬ್ಯಾಕ್ಟೀರಿಯಾವೂ ಸೇರುತ್ತದೆ. ಅದರಲ್ಲಿ ಏನೂ ಇಲ್ಲವೆಂದು ಬಂದರೆ ನಂಬಬಹುದು, ಇದೆ ಎಂದು ಬಂದರೆ ನಂಬುವಂತಿಲ್ಲ. ತೊಳೆದು ಒರೆಸಿ, ತೊಡೆಯ ಮೇಲೆ ಕೂರಿಸಿಕೊಂಡು, ಮೊದಲ ಧಾರೆ ಬಿಟ್ಟು ನಡುವಿನದನ್ನು ಸ್ಟೆರೈಲ್ ಡಬ್ಬಿಗೆ ಹಿಡಿಯಬೇಕು. ಕೆಳಹೊಟ್ಟೆಯ ಮೇಲೆ ತಣ್ಣನೆಯ ಒದ್ದೆ ಬಟ್ಟೆ ಸವರಿದರೆ ಕೂಸು ಬೇಗ ಹೊಯ್ಯುವುದುಂಟು. ಆಗದಿದ್ದರೆ ಆಸ್ಪತ್ರೆಯಲ್ಲಿ ಸಣ್ಣ ಕ್ಯಾಥೆಟರ್ ಹಾಕಿ ತೆಗೆಯುತ್ತಾರೆ. ಹೆದರಬೇಡಿ, ಅರೆ ನಿಮಿಷದ ಅಳು. ಡಬ್ಬಿ ಒಂದು ಗಂಟೆಯೊಳಗೆ ಲ್ಯಾಬ್ ಸೇರಲಿ, ಇಲ್ಲವೇ ಫ್ರಿಜ್ಜಿನಲ್ಲಿರಲಿ. ಆ್ಯಂಟಿಬಯಾಟಿಕ್ ಶುರುವಾಗುವ ಮೊದಲೇ ಹಿಡಿಯಬೇಕು. ಒಂದೆರಡು ಡೋಸ್ ಬಿದ್ದ ಮೇಲೆ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಕಲ್ಚರ್‌ನಲ್ಲಿ ಏನೂ ಬೆಳೆಯದೆ ಹೋದೀತು. ಮನೆಯಲ್ಲಿ ಉಳಿದ ಸಿರಪ್ ಕುಡಿಸಿ ಕರೆತರುವವರಿಗೆ ಇದನ್ನೇ ಸಾರಿ ಸಾರಿ ಹೇಳುವುದು.

ಕಲ್ಚರ್ ವರದಿಗೆ ಒಂದೆರಡು ದಿನ ಹಿಡಿಯುತ್ತದೆ. ಮಗುವಿಗೆ ಹುಷಾರಿಲ್ಲದಿದ್ದರೆ ಅಷ್ಟು ಕಾಯುವುದಿಲ್ಲ. ಎರಡು ಮೂರು ತಿಂಗಳೊಳಗಿನ ಕೂಸು, ವಾಂತಿ ನಿಲ್ಲದ ಮಗು, ಮಂಪರು ಕವಿದಂತೆ ಮಲಗಿದ ಮಗು ದಾಖಲಾಗಬೇಕು, ಔಷಧ ರಕ್ತನಾಳಕ್ಕೇ ಹೋಗಬೇಕು. ಉಳಿದವರಿಗೆ ಬಾಯಿಯ ಔಷಧವೂ ಅಷ್ಟೇ ಚೆನ್ನಾಗಿ ನಾಟುತ್ತದೆ. ಒಟ್ಟು 7ರಿಂದ 14 ದಿನ. ಎರಡು ಮೂರು ದಿನದಲ್ಲಿ ಜ್ವರ ಬಿಡುತ್ತದೆ. ಬಿಡದಿದ್ದರೆ ಕೀವು ಕಟ್ಟಿದೆಯೋ, ಎಲ್ಲಾದರೂ ಅಡೆತಡೆಯಿದೆಯೋ ಎಂದು ಸ್ಕ್ಯಾನ್ ಮಾಡಿ ನೋಡಬೇಕು. ಜ್ವರ ಬಿಟ್ಟಿತೆಂದು ಬಾಟಲಿ ಮುಚ್ಚಿಡಬಾರದು.

ತಡವಾದಷ್ಟೂ ಕಲೆ ಉಳಿಯುವ ಸಂಭವ ಹೆಚ್ಚು. ಎರಡೂ ಮೂತ್ರಪಿಂಡಗಳಲ್ಲಿ ಕಲೆಯಾದರೆ ಮುಂದೆ ರಕ್ತದೊತ್ತಡ, ಮೂತ್ರಪಿಂಡ ವೈಫಲ್ಯದ ಭಯ. ರಿಫ್ಲಕ್ಸ್ ಇರುವವರಿಗೆ ದಿನವೂ ಆ್ಯಂಟಿಬಯಾಟಿಕ್ಕಿನ ಸಣ್ಣ ಡೋಸ್ ಕೊಟ್ಟರೆ ಹೇಗೆ? 2014ರಲ್ಲಿ ಪ್ರಕಟವಾದ, 607 ಮಕ್ಕಳನ್ನು ಎರಡು ವರ್ಷ ಗಮನಿಸಿದ ಅಮೆರಿಕದ ಅಧ್ಯಯನದಲ್ಲಿ ಸೋಂಕು ಮರಳುವುದು ಅರ್ಧಕ್ಕಿಳಿಯಿತು, ಕಲೆ ಮಾತ್ರ ಕಡಿಮೆಯಾಗಲಿಲ್ಲ. ಯಾವ ಮಗುವಿಗೆ ಕಲೆ ಉಳಿದೀತೆಂದು ಮೊದಲೇ ಹೇಳುವ ಪರೀಕ್ಷೆ ಬೇಕಾಗಿದೆ. ಜೀವವಿಜ್ಞಾನ ಓದುತ್ತಿರುವ ಎಳೆಯರು ಯಾರಾದರೂ ಇದನ್ನು ಹಿಡಿದು ಕೂರಲಿ ಎಂಬುದು ನನ್ನ ಆಸೆ. ತಾಯ್ತಂದೆಯರಿಗೆ ಕೆಲಸ ಬೇರೆ: ಮಲಬದ್ಧತೆ ಸರಿಮಾಡಿ, ಮೂತ್ರ ತಡೆದುಕೊಳ್ಳಲು ಬಿಡಬೇಡಿ, ಹಳೆಯ ವರದಿಗಳನ್ನು ಎಸೆಯಬೇಡಿ. ಒಮ್ಮೆ ಸೋಂಕಾದ ಮಗುವಿಗೆ ಮತ್ತೆ ಕಾರಣ ಕಾಣದ ಜ್ವರ ಬಂದರೆ ಮಾರನೆಯ ದಿನದೊಳಗೆ ಮೂತ್ರ ಪರೀಕ್ಷೆ ಮಾಡಿಸಿ.