ವಿಷವನ್ನು ಕತ್ತರಿಸುವ ಕಿಣ್ವ

ಗದ್ದೆಗೆ ಹೊಡೆದ ಕೀಟನಾಶಕ ಕೊನೆಗೆ ಎಲ್ಲಿಗೆ ಹೋಗುತ್ತದೆ? ನೀವು ಎಂದಾದರೂ ಯೋಚಿಸಿದ್ದೀರಾ? ಸ್ವಲ್ಪ ಎಲೆಯ ಮೇಲೆ, ಸ್ವಲ್ಪ ಮಣ್ಣಿನಲ್ಲಿ ಉಳಿಯುತ್ತದೆ. ಇನ್ನಷ್ಟು ಮಳೆನೀರಿನೊಂದಿಗೆ ಹರಿದು ಕಾಲುವೆ, ಕೆರೆ ಸೇರುತ್ತದೆ. ಅದೇ ನೀರನ್ನು ದನಕರುಗಳು ಕುಡಿಯುತ್ತವೆ.

ಈ ವಿಷವನ್ನು ಒಡೆಯುವ ಒಂದು ಉಪಾಯ ಗದ್ದೆಯಲ್ಲೇ ಸಿಕ್ಕಿತು. ಫಿಲಿಪೀನ್ಸ್ ದೇಶದ ಅಂತಾರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ಡಯಾಜಿನಾನ್ ಎಂಬ ಕೀಟನಾಶಕವನ್ನು ಮತ್ತೆ ಮತ್ತೆ ಹಾಕಿದ ಗದ್ದೆಗಳಲ್ಲಿ ಅದು ಬಲು ಬೇಗ ಮಾಯವಾಗತೊಡಗಿತು. ಕಾರಣ ಹುಡುಕಿದ ಭಾರತೀಯ ವಿಜ್ಞಾನಿ ಎನ್. ಸೇತುನಾಥನ್ ಮತ್ತು ಅವರ ಸಹೋದ್ಯೋಗಿ ಯೊಶಿದಾ, ಡಯಾಜಿನಾನನ್ನೂ ಪ್ಯಾರಾಥಿಯಾನನ್ನೂ ಒಡೆಯಬಲ್ಲ ಬ್ಯಾಕ್ಟೀರಿಯವೊಂದನ್ನು 1973ರಲ್ಲಿ ವರದಿ ಮಾಡಿದರು. ಬೆಳೆಗಾರನಿಗೆ ನಷ್ಟವೆನಿಸಿದ್ದೇ ಪರಿಸರಕ್ಕೆ ಲಾಭದ ದಾರಿ ತೋರಿತು!

ಇವೆರಡೂ ರಂಜಕವುಳ್ಳ ಸಾವಯವ ವಿಷಗಳು. ನಮ್ಮ ನರಗಳ ತುದಿಯಲ್ಲಿ ಸಂದೇಶ ಮುಟ್ಟಿಸುವ ರಾಸಾಯನಿಕವನ್ನು ಕೆಲಸ ಮುಗಿದೊಡನೆ ತೆಗೆದುಹಾಕಲು ಒಂದು ಕಿಣ್ವವಿದೆ. ಈ ವಿಷಗಳು ಅದನ್ನೇ ಕಟ್ಟಿಹಾಕುತ್ತವೆ. ಆಗ ಸಂದೇಶ ನಿಲ್ಲುವುದೇ ಇಲ್ಲ. ಸ್ನಾಯುಗಳು ಅದುರಿ ಸೋಲುತ್ತವೆ, ಕೊನೆಗೆ ಉಸಿರೂ ನಿಲ್ಲಬಹುದು.

ಬ್ಯಾಕ್ಟೀರಿಯದಲ್ಲಿರುವ ಫಾಸ್ಫೋಟ್ರೈಎಸ್ಟರೇಸ್ ಎಂಬ ಕಿಣ್ವ ಇದಕ್ಕೆ ತಕ್ಕ ಕತ್ತರಿ. ಅದರ ಮಧ್ಯದಲ್ಲಿ ಎರಡು ಸತುವಿನ ಅಯಾನುಗಳಿವೆ. ಅವು ನೀರಿನ ಅಣುವೊಂದನ್ನು ಸಜ್ಜುಗೊಳಿಸಿ, ರಂಜಕಕ್ಕೆ ಅಂಟಿದ ಒಂದು ಬಂಧವನ್ನು ಕಡಿಯುತ್ತವೆ. ಅಷ್ಟಕ್ಕೇ ವಿಷದ ತೀವ್ರತೆ ಬಹುಪಾಲು ಇಳಿಯುತ್ತದೆ. ಕಿಣ್ವ ಮಾತ್ರ ಖರ್ಚಾಗದೆ ಮುಂದಿನ ಅಣುವಿಗೆ ಸಿದ್ಧವಾಗುತ್ತದೆ. ಬ್ಯಾಕ್ಟೀರಿಯವನ್ನು ಜೀವಂತವಾಗಿ ಸಾಕುವ ಗೋಜಿಲ್ಲದೆ ಬರೀ ಕಿಣ್ವವನ್ನೇ ನೀರಿಗೆ ಬೆರೆಸಬಹುದು. ಆಸ್ಟ್ರೇಲಿಯದಲ್ಲಿ ಇಂಥದೇ ಇನ್ನೊಂದು ಬ್ಯಾಕ್ಟೀರಿಯ ಕಿಣ್ವವನ್ನು ಹತ್ತಿ ಹೊಲದಿಂದ ಹರಿದ 80 ಸಾವಿರ ಲೀಟರಿಗೂ ಹೆಚ್ಚು ನೀರಿಗೆ ಬೆರೆಸಿದಾಗ, ಹತ್ತೇ ನಿಮಿಷದಲ್ಲಿ ಮೀಥೈಲ್ ಪ್ಯಾರಾಥಿಯಾನ್ ಶೇಕಡಾ 90ರಷ್ಟು ಕಡಿಮೆಯಾಯಿತು.

ಹಾಗಾದರೆ ಇನ್ನು ಚಿಂತೆಯಿಲ್ಲವೇ? ಇದೆ. ಪ್ಯಾರಾಥಿಯಾನ್ ತುಂಡಾದಾಗ ಹಳದಿ ಬಣ್ಣದ ನೈಟ್ರೋಫೀನಾಲ್ ಉಳಿಯುತ್ತದೆ. ಅದೂ ಪೂರ್ತಿ ನಿರಪಾಯಕಾರಿಯಲ್ಲ; ಅದನ್ನು ತಿಂದು ಮುಗಿಸಲು ಬೇರೆ ಬ್ಯಾಕ್ಟೀರಿಯಗಳು ಬೇಕು. ಅಲ್ಲದೆ ಒಂದು ಬೀಗದ ಕೈ ಎಲ್ಲ ಬೀಗಕ್ಕೂ ಆಗದು. ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಗೇರುತೋಟಗಳಲ್ಲಿ ಸಿಂಪಡಿಸಿದ ಎಂಡೋಸಲ್ಫಾನ್ ಕ್ಲೋರಿನ್ ಗುಂಪಿನ ವಿಷ. ಈ ಕತ್ತರಿ ಹಿಡಿಯುವ ರಂಜಕದ ಬಂಧ ಅದರಲ್ಲಿಲ್ಲ. ಸುಪ್ರೀಂ ಕೋರ್ಟು 2011ರಲ್ಲಿ ಅದನ್ನು ನಿಷೇಧಿಸಿತು. ಡಯಾಜಿನಾನ್, ಮೀಥೈಲ್ ಪ್ಯಾರಾಥಿಯಾನ್‌ಗಳನ್ನೂ ಭಾರತ ಸರ್ಕಾರ 2018ರಲ್ಲಿ ನಿಷೇಧಿಸಿತು. ಆದರೆ ರಂಜಕದ ಗುಂಪಿನ ಬೇರೆ ಕೀಟನಾಶಕಗಳು ಬಳಕೆಯಲ್ಲಿವೆ.

ಚೆಲ್ಲಿದ್ದನ್ನು ಒರೆಸುವ ಬಟ್ಟೆ ಇದೆಯೆಂದು ಬೇಕೆಂದೇ ಚೆಲ್ಲುತ್ತೇವೆಯೇ? ಕಿಣ್ವವೂ ಹಾಗೆಯೇ, ವಿಷ ಸುರಿಯಲು ಅದು ಪರವಾನಗಿಯಲ್ಲ. ಮುಂದಿನ ಸಲ ಊರಿನ ಕೆರೆಯ ಹತ್ತಿರ ಹೋದಾಗ, ಸಿಂಪಡಿಸುವ ಪಂಪನ್ನು ಎಲ್ಲಿ ತೊಳೆಯುತ್ತಾರೆಂದು ಗಮನಿಸಿ. ಕೆರೆಯಲ್ಲೇ ತೊಳೆಯುತ್ತಿದ್ದರೆ, ಇಂದು ಓದಿದ್ದನ್ನು ಮನೆಯ ಹಿರಿಯರಿಗೂ ತಿಳಿಸಿ.